ಮೂರು ಗೀಟಿನ ಬೇಲಿ

ನೀಲವ್ವನ ಬಲಗೈ ರೊಟ್ಟಿ ಬಡಿಯುತ್ತಿತ್ತು. ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಅದು ಯಂತ್ರದ ಕೈ. ಮೇಲೆ ಹೊದಿಸಿದ ತೆಳು ರಬ್ಬರಿನ ಚರ್ಮಕ್ಕೆ ಜೋಳದ ಹಿಟ್ಟು ಮೆತ್ತಿಕೊಂಡಿತ್ತು. ತಟ್ಟಿ, ಎತ್ತಿ, ಒಂದಿಷ್ಟು ತಿರುಗಿಸಿ, ಮತ್ತೆ ತಟ್ಟಿ, ಮೂವತ್ತು ಏಟು ಮುಗಿಯುವಷ್ಟರಲ್ಲಿ ಹಿಟ್ಟಿನ ಮುದ್ದೆ ತಟ್ಟೆಯಗಲ ಹರಡಿಕೊಂಡಿತು. ಅಂಚು ಎಲ್ಲಿಯೂ ಬಿರಿದಿರಲಿಲ್ಲ.

ಬೆಟಗೇರಿಯ ಆ ಖಾನಾವಳಿಯ ಅಡುಗೆಮನೆಯಲ್ಲಿ ಮಣೆಯ ಮೇಲೆ ಕುಳಿತು ನೋಡುತ್ತಿದ್ದ ಡಾ. ನಿಂಗರಾಜು, ತಾವು ಬಂದ ಕೆಲಸವನ್ನೇ ಮರೆತಿದ್ದರು.

ಕೃತಕ ಕೈಗಳು ಕನ್ನಡಕದಷ್ಟು ಸಾಮಾನ್ಯವಾಗಿದ್ದ ಕಾಲ ಅದು. ಹಿಡಿಯುವುದು, ಬಿಡುವುದು, ಗುಂಡಿ ಹಾಕಿಕೊಳ್ಳುವುದು ಮುಂತಾದ ಕೆಲಸಗಳನ್ನು ತಯಾರಕರೇ ಕಲಿಸಿ ಕಳಿಸುತ್ತಿದ್ದರು. ಅದಕ್ಕಿಂತ ನಾಜೂಕಿನ ಕೆಲಸಗಳಿಗೆ ಕೈಯ ಒಡೆಯರೇ ಕೋಡ್ ಬರೆದುಕೊಳ್ಳಬೇಕಿತ್ತು. ಈ ಕೋಡಿಗೆ ‘ಕೈಸೂತ್ರ’ ಎಂಬ ಹೆಸರು ಬಿದ್ದಿತ್ತು. ಭಾಷೆ ಕನ್ನಡವೇ, ನಿಯಮ ಮಾತ್ರ ಬಿಗಿ. ರೊಟ್ಟಿಯ ಸೂತ್ರವನ್ನು ತಿದ್ದಿ ತಿದ್ದಿ ಹದಕ್ಕೆ ತರಲು ನೀಲವ್ವನಿಗೆ ಎರಡು ವರ್ಷ ಹಿಡಿದಿತ್ತು. ಅದರ ತಿರುಳು ಇಷ್ಟೇ:

ಮೂವತ್ತು ಸಲ:
    ತಟ್ಟು
    ಎತ್ತು
    ತಿರುಗಿಸು

ಒಳಕ್ಕೆ ಸರಿಸಿ ಬರೆದ ಮೂರು ಸಾಲುಗಳನ್ನು ಕೈ ಒಂದು ಗುಂಪಾಗಿ ಓದುತ್ತದೆ. ಆ ಗುಂಪನ್ನು ಮೂವತ್ತು ಸಲ ನಡೆಸುತ್ತದೆ. ಸಾಲಿನ ಆರಂಭದಲ್ಲಿ ಬಿಟ್ಟ ಖಾಲಿ ಜಾಗಕ್ಕೂ ಅರ್ಥವಿದೆ. ತೊಡಕು ಹುಟ್ಟಿದ್ದು ಅಲ್ಲಿಯೇ.

ಜನ ತಮ್ಮ ಟಿಪ್ಪಣಿಗಳನ್ನೂ ಪತ್ರಗಳನ್ನೂ ಬರೆಯುತ್ತಿದ್ದುದು ನಿಂಗರಾಜು ರೂಪಿಸಿದ ‘ತಿಳಿಹಾಳೆ’ಯಲ್ಲಿ. ಅದು ಬರಿಯ ಅಕ್ಷರಗಳ ಸರಳ ಹಾಳೆ. ಆದರೆ ಬರೆದದ್ದನ್ನು ತಾನಾಗಿಯೇ ಅಚ್ಚುಕಟ್ಟು ಮಾಡುವ ಗುಣ ಅದಕ್ಕಿತ್ತು. ಹೆಚ್ಚಾದ ಖಾಲಿ ಜಾಗವನ್ನು ತೆಗೆಯುತ್ತಿತ್ತು, ಒಡೆದ ಸಾಲುಗಳನ್ನು ಕೂಡಿಸುತ್ತಿತ್ತು, ಕಾಗುಣಿತ ತಿದ್ದುತ್ತಿತ್ತು, ಆಡುಮಾತನ್ನು ಗ್ರಂಥದ ಕನ್ನಡಕ್ಕೆ ಏರಿಸುತ್ತಿತ್ತು. ಅದಕ್ಕಾಗಿ ನಿಂಗರಾಜು ಅವರಿಗೆ ಸನ್ಮಾನಗಳೂ ಆಗಿದ್ದವು.

ನೀಲವ್ವ ತನ್ನ ಸೂತ್ರವನ್ನು ತಿಳಿಹಾಳೆಯಲ್ಲಿ ಬರೆದು ಕುಷ್ಟಗಿಯ ಹುಲಿಗೆಮ್ಮನಿಗೆ ಕಳಿಸಿದ್ದಳು. ಎಣ್ಣೆ ಗಿರಣಿಯಲ್ಲಿ ಬಲಗೈ ಕಳೆದುಕೊಂಡಿದ್ದ ಹುಲಿಗೆಮ್ಮನಿಗೆ ಆಗಷ್ಟೇ ಹೊಸ ಕೈ ಬಂದಿತ್ತು. ಹಾಳೆ ಆ ನಾಲ್ಕು ಸಾಲುಗಳನ್ನು ‘ಮೂವತ್ತು ಸಲ: ತಟ್ಟು, ಎತ್ತು, ತಿರುಗಿಸು’ ಎಂದು ಒಂದೇ ಸಾಲು ಮಾಡಿ, ಮುದ್ದಾಗಿ ಅಲ್ಪವಿರಾಮವನ್ನೂ ಇಟ್ಟಿತು. ಅಲ್ಪವಿರಾಮ ಕಂಡಲ್ಲಿ ಗುಂಪು ಮುಗಿಯಿತೆಂದು ಕೈ ತಿಳಿಯಿತು. ನಡುವೆ ಎತ್ತದೆ ಮೂವತ್ತು ಸಲ ಒತ್ತಿಯೇ ಒತ್ತಿತು. ಹಿಟ್ಟು ಸರಿಪಡಿಸಲು ಚಾಚಿದ್ದ ಹುಲಿಗೆಮ್ಮನ ಎಡಗೈ ಅದರಡಿ ಸಿಕ್ಕಿ ಎರಡು ಬೆರಳು ಬಾತುಕೊಂಡವು.

“ನನ್ನ ಕೋಡ್‌ನಾಗ ತಪ್ಪಿಲ್ಲ, ನೋಡಿದ್ರಲ್ರೀ ಈಗ?” ರೊಟ್ಟಿಯನ್ನು ಹೆಂಚಿಗೆ ಹಾಕುತ್ತ ನೀಲವ್ವ ಕೇಳಿದಳು. “ಅಕಿ ಹುಡುಗಿ ಈಗ ತನ್ನ ಕೈಗೇ ಹೆದರಾಕತ್ತಾಳ. ತಗದು ಪೆಟ್ಟಿಗ್ಯಾಗ ಇಟ್ಟಾಳಂತ. ಇರೂ ಒಂದು ಕೈ ಜಜ್ಜಿದ್ರ ಯಾರಿಗೆ ಧೈರ್ಯ ಇರ್ತೈತಿ?”

ನಿಂಗರಾಜು ತಲೆ ತಗ್ಗಿಸಿದರು. “ತಪ್ಪು ನನ್ನ ಹಾಳೆಯದೇ ಅಮ್ಮ. ಒಪ್ಕೊಳ್ತೀನಿ. ಯಾವುದು ಕೋಡು, ಯಾವುದು ಮಾತು ಅನ್ನೋದನ್ನ ಅದು ತಾನೇ ಗುರುತಿಸೋ ಹಾಗೆ ಮಾಡೋಕೆ ಮೂರು ತಿಂಗಳಿಂದ ಹೆಣಗ್ತಾ ಇದ್ದೀವಿ. ನೂರರಲ್ಲಿ ತೊಂಬತ್ತೆಂಟು ಸಲ ಸರಿಯಾಗಿ ಹೇಳುತ್ತೆ.”

“ಉಳಿದ ಎರಡು ಸಲ?”

ನೀಲವ್ವ ಬೆಂದ ರೊಟ್ಟಿಯನ್ನು ತಟ್ಟೆಗೆ ಹಾಕಿ ಮುಂದಿಟ್ಟಳು, ನಿಂಗರಾಜು ಅದರ ಅಂಚು ಮುರಿದರು.

“ಅಲ್ರೀ ಸಾಹೇಬ್ರ, ಅದು ಯಾಕ ಗುರುತಿಸಬೇಕು? ಬರದಾಕಿಗೆ ಗೊತ್ತಿರಂಗಿಲ್ಲೇನು? ನಾ ಇಲ್ಲಿಂದ ಇಲ್ಲೀತನಕ ಗೀಟು ಎಳೀತೀನಿ. ಒಳಗಿಂದು ಮುಟ್ಟಬ್ಯಾಡ ಅಂತ ನಿಮ್ಮ ಹಾಳಿಗೆ ಹೇಳ್ರಿ. ಹೊಲಕ್ಕ ಬೇಲಿ ಹಾಕಿದಂಗ. ಮುಗೀತು.”

ರೊಟ್ಟಿಯ ತುಂಡನ್ನು ಬಾಯಿಗೆ ಒಯ್ಯುತ್ತಿದ್ದ ನಿಂಗರಾಜು ಅವರ ಕೈ ಅರ್ಧದಲ್ಲೇ ನಿಂತಿತು. ಹನ್ನೆರಡು ಜನ ಇಂಜಿನಿಯರುಗಳು ಹಾಳೆಗೆ ಬುದ್ಧಿ ಕಲಿಸಲು ಹೊರಟಿದ್ದರು. ಅದನ್ನು ಸುಮ್ಮನಿರಿಸುವ ಯೋಚನೆ ಒಬ್ಬರಿಗೂ ಬಂದಿರಲಿಲ್ಲ.

“ಎಷ್ಟು ಗೀಟು?” ಎಂದು ಕೇಳಿದರು.

“ಒಂದು ಗೀಟು ಯಾರರ ಮರತೂ ಎಳೀತಾರ. ಮೂರು ಇರ್ಲಿ.”

ಬೇಲಿ ಸಿದ್ಧವಾಗಲು ಹದಿನೈದೇ ದಿನ ಸಾಕಾಯಿತು. ಮೇಲೊಂದು ಸಾಲಿನಲ್ಲಿ ಮೂರು ಗೀಟು, ಕೆಳಗೊಂದು ಸಾಲಿನಲ್ಲಿ ಮೂರು ಗೀಟು. ನಡುವೆ ಬರೆದದ್ದನ್ನು ಹಾಳೆ ತಿದ್ದುವುದಿಲ್ಲ, ಕೂಡಿಸುವುದಿಲ್ಲ, ಒಂದು ಖಾಲಿ ಜಾಗವನ್ನೂ ನುಂಗುವುದಿಲ್ಲ. ಕನ್ನಡದ ಅಕ್ಷರಗಳು ಒಂದು ಅಗಲ, ಒಂದು ಕಿರಿದು. ಒತ್ತಕ್ಷರ ಬಂದರೆ ಇನ್ನೊಂದು ಅಳತೆ. ಬೇಲಿಯೊಳಗೆ ಮಾತ್ರ ಪ್ರತಿ ಅಕ್ಷರಕ್ಕೂ ಒಂದೇ ಅಳತೆಯ ಮನೆ ಕೊಟ್ಟರು. ಹಾಗಾಗಿ ಸಾಲುಗಳು ಒಂದರ ಕೆಳಗೊಂದು ನೇರವಾಗಿ ನಿಂತವು, ಯಾವುದು ಒಳಗಿನ ಸಾಲು, ಯಾವುದು ಹೊರಗಿನದು ಎಂಬುದು ಕಣ್ಣಿಗೇ ಕಾಣುವಂತಾಯಿತು.

ನಿಂಗರಾಜು ನೀಲವ್ವನನ್ನು ಕರೆದುಕೊಂಡು ತಾವೇ ಕುಷ್ಟಗಿಗೆ ಹೋದರು. ಹುಲಿಗೆಮ್ಮ ಕೈಯನ್ನು ಪೆಟ್ಟಿಗೆಯಿಂದ ತೆಗೆಯಲು ಅರ್ಧ ದಿನ ಒಪ್ಪಲಿಲ್ಲ. ಕೊನೆಗೆ ನೀಲವ್ವ ಸೂತ್ರವನ್ನು ಬೇಲಿಯೊಳಗೆ ಬರೆದು ಕಳಿಸಿ, ತನ್ನ ಎಡಗೈಯನ್ನೇ ಆ ಯಂತ್ರದ ಕೈಯಡಿ ಇಟ್ಟು, “ನಡಸವ್ವ. ಜಜ್ಜಿದ್ರ ನಂದು ಜಜ್ಜಲಿ” ಎಂದಳು. ಹುಲಿಗೆಮ್ಮ ಕಣ್ಣು ಮುಚ್ಚಿಕೊಂಡು ಸೂತ್ರ ನಡೆಸಿದಳು. ಕೈ ತಟ್ಟಿತು, ಎತ್ತಿತು, ತಿರುಗಿಸಿತು. ನೀಲವ್ವ ನಗುತ್ತ ತನ್ನ ಕೈ ಎಳೆದುಕೊಂಡು ಅಲ್ಲಿ ಹಿಟ್ಟನ್ನಿಟ್ಟಳು. ಹುಲಿಗೆಮ್ಮನ ಮೊದಲ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಮೂವರೂ ಅದನ್ನೇ ಹಂಚಿಕೊಂಡು ತಿಂದರು.

ಕಥೆ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಐದು ತಿಂಗಳ ನಂತರ, ತಿಳಿಹಾಳೆಯನ್ನು ನಡೆಸುವ ಸಂಸ್ಥೆಯ ನಿರ್ದೇಶಕಿ ಅರುಂಧತಿ ಕಟ್ಟಿ ಅವರು ನಿಂಗರಾಜು ಅವರನ್ನು ಕೋಣೆಗೆ ಕರೆಸಿದರು.

“ನಾಡಿನಲ್ಲಿ ಕೈಸೂತ್ರ ಬರೆಯುವವರು ಹೆಚ್ಚೆಂದರೆ ಎಂಬತ್ತು ಸಾವಿರ ಜನ. ಬೇಲಿ ಹಾಕುವವರು ಈಗ ಮೂವತ್ತು ಲಕ್ಷ ದಾಟಿದ್ದಾರೆ. ಏನು ನಡೀತಿದೆ ಡಾಕ್ಟ್ರೇ? ಹೀಗೇ ಆದರೆ ನಮ್ಮ ಹಾಳೆಯ ತಿದ್ದುವ ಗುಣವೇ ಯಾರಿಗೂ ಬೇಡವಾಗುತ್ತೆ. ಕೋಡ್ ಇಲ್ಲದ ಬೇಲಿಗಳನ್ನ ತೆಗೆದುಹಾಕೋಕೆ ಆಗುತ್ತಾ, ನೋಡಿ ಹೇಳಿ.”

ಜನ ಎಲ್ಲರೂ ಓದಲೆಂದು ಬಹಿರಂಗವಾಗಿ ಇಟ್ಟಿದ್ದ ಹಾಳೆಗಳನ್ನು ನಿಂಗರಾಜು ಒಂದೊಂದಾಗಿ ತೆರೆದರು. ಒಂದು ಬೇಲಿಯೊಳಗೆ ಬೀದರಿನ ಅಜ್ಜಿ ಬರೆದ ಉಪ್ಪಿನಕಾಯಿಯ ವಿಧಾನ, ಅವಳು ಮಾತಾಡುವಂತೆಯೇ. ಇನ್ನೊಂದರಲ್ಲಿ ಐದು ವರ್ಷದ ಮಗು ಒತ್ತು ಬಿಟ್ಟು ಬರೆದ ‘ಅಪ’; ಅದರ ತಂದೆ ಆ ತಪ್ಪನ್ನು ಹಾಗೇ ಉಳಿಸಿಕೊಂಡಿದ್ದ. ಉಗ್ಗುವ ಯುವಕನೊಬ್ಬ ಗೆಳತಿಗೆ ಬರೆದ ಓಲೆಯಲ್ಲಿ, ತಾನು ತಡೆದು ನಿಲ್ಲುವ ಕಡೆಯೆಲ್ಲ ಖಾಲಿ ಜಾಗ ಬಿಟ್ಟಿದ್ದ. ಹತ್ತು ಬೇಲಿಗಳಲ್ಲಿ ಒಂಬತ್ತರಲ್ಲಿ ಕೋಡ್ ಇರಲಿಲ್ಲ, ಜನರ ಮಾತಿತ್ತು.

ನಿಂಗರಾಜು ಅಂದು ಊಟದ ಹೊತ್ತಾದರೂ ಏಳಲಿಲ್ಲ. ವರದಿಯಲ್ಲಿ ಏನು ಬರೆಯಬೇಕೆಂದು ಯೋಚಿಸುತ್ತಿದ್ದಾಗ ಅವರ ಸ್ವಂತ ಹಾಳೆ ಸಣ್ಣಗೆ ಸದ್ದು ಮಾಡಿತು. ಮಳವಳ್ಳಿಯಿಂದ ಅಕ್ಕ ಬರೆದಿದ್ದಳು.

ಅಕ್ಕನಿಗೆ ಕಿವಿ ಮಂದವಾದ ಮೇಲೆ ಫೋನು ನಿಂತು, ಎಂಟು ವರ್ಷಗಳಿಂದ ಇಬ್ಬರದೂ ತಿಳಿಹಾಳೆಯಲ್ಲೇ ಮಾತು. ‘ನೀನು ಕ್ಷೇಮವೆಂದು ಭಾವಿಸುತ್ತೇನೆ. ಬಿಡುವಾದಾಗ ಭೇಟಿ ನೀಡಬೇಕಾಗಿ ವಿನಂತಿ’ ಎಂಬ ಧಾಟಿಯ ಅವಳ ಪತ್ರಗಳನ್ನು ಓದಿ ಓದಿ, ಅಕ್ಕ ಯಾಕೋ ದೂರವಾಗಿದ್ದಾಳೆ ಎಂದೇ ಅವರು ತಿಳಿದಿದ್ದರು. ಹೋಗುವುದನ್ನೂ ಕಡಿಮೆ ಮಾಡಿದ್ದರು. ಈ ಸಲ ಯಾರೋ ಅವಳಿಗೆ ಮೂರು ಗೀಟು ಎಳೆಯುವುದನ್ನು ಹೇಳಿಕೊಟ್ಟಿದ್ದರು.

‘ಏನ್ಲಾ ನಿಂಗ, ಎಂಗಿದ್ದೀಯಪ್ಪ? ವೊತ್ತೊತ್ತಿಗೆ ಉಣ್ತೀಯಾ ಇಲ್ವಾ? ನಿನ್ ಮೊಕ ನೋಡಿ ವರ್ಸಾಯ್ತಾ ಬಂತು. ಅಮಾಸೆ ಒಳ್ಗೆ ಬಂದೋಗು. ನೀ ಬರ್ಲಿಲ್ಲ ಅಂದ್ರೆ ನಾನೇ ಬಸ್ ಅತ್ತಿ ಬಂದ್ಬುಡ್ತೀನಿ, ಆಮೇಕೆ ನೋಡ್ಕೊ.’

ನಿಂಗರಾಜು ಅದನ್ನು ಮೂರು ಸಲ ಓದಿದರು. ಎಂಟು ವರ್ಷ ಅಕ್ಕ ಹೀಗೆಯೇ ಬರೆಯುತ್ತಿದ್ದಿರಬೇಕು. ಅಕ್ಕನ ಮಾತನ್ನು ತನಗೆ ಮುಟ್ಟದಂತೆ ತಡೆದವನು ತಾನೇ. ಕಣ್ಣು ಒರೆಸಿಕೊಂಡು ವರದಿಯನ್ನು ಮುಂದೆಳೆದುಕೊಂಡರು. ‘ಬೇಲಿಗಳು ಸರಿಯಾಗಿ ಕೆಲಸ ಮಾಡುತ್ತಿವೆ. ಒಂದನ್ನೂ ತೆಗೆಯತಕ್ಕದ್ದಲ್ಲ’ ಎಂದು ಎರಡೇ ವಾಕ್ಯ ಬರೆದು ಸಹಿ ಹಾಕಿದರು.

ಆಮೇಲೆ ಅಕ್ಕನಿಗೆ ಉತ್ತರ ಬರೆಯತೊಡಗಿದರು. ‘ಪ್ರೀತಿಯ ಅಕ್ಕನಿಗೆ ನಮಸ್ಕಾರಗಳು’ ಎಂದು ಬರೆದರು. ಹಾಳೆಗೆ ಅದರಲ್ಲಿ ತಿದ್ದಲು ಏನೂ ಸಿಗಲಿಲ್ಲ. ನಿಂಗರಾಜು ಅದನ್ನು ಅಳಿಸಿ, ಮೂರು ಗೀಟು ಎಳೆದರು.

‘ಈ ಸನ್ವಾರ ಬತ್ತೀನಿ ಕನಕ್ಕ. ಬಸ್ಸಾರ್ ಮಾಡಿರು. ಎಲ್ಡ್ ಮುದ್ದೆ ಸಾಕು.’

ಒಂದು ನಿಮಿಷವೂ ಆಗಿರಲಿಲ್ಲ, ಉತ್ತರ ಬಂತು.

‘ಮೂರ್ ಇಕ್ತೀನಿ. ಸುಮ್ಕೆ ಬಾ.’