ಮುಲಾಮು ಹಚ್ಚದ ಇಲಿಗಳು

"ಪಂಜರ ಅದಲುಬದಲಾಗಿದೆ ಡಾಕ್ಟ್ರೇ. ನಿಮ್ಮ ಕಡೆಯಿಂದಲೇ ಆಗಿರ್ಬೇಕು."

ಸ್ಲೈಡ್ ಮೇಡಂ ಮೀಟಿಂಗಿನಲ್ಲಿ ಅಷ್ಟು ಜನರ ಮುಂದೆ ಹಾಗೆಂದದ್ದು ಇಲಿ ಡಾಕ್ಟರಿಗೆ; ಇಬ್ಬರಿಗೂ ಲ್ಯಾಬಿನವರಿಟ್ಟ ಹೆಸರುಗಳಿವು. ಲ್ಯಾಬಿನ ಪ್ರಾಣಿಗಳನ್ನು ನೋಡಿಕೊಳ್ಳುವ ಪಶುವೈದ್ಯ ಅವನು. ಇಲಿಗಳ ಮೈಯಿಂದ ಅವನು ತೆಗೆದುಕೊಟ್ಟ ಗಂಟುಗಳನ್ನು ಗಾಜಿನ ಸ್ಲೈಡಿನ ಮೇಲಿಟ್ಟು ಮೈಕ್ರೋಸ್ಕೋಪಿನಡಿ ಪರೀಕ್ಷಿಸುವವಳು ಅವಳು. ಟ್ರೇ ಒಯ್ಯಲು ಅವಳು ಬಾಗಿಲಲ್ಲಿ ನಿಲ್ಲುವ ಆ ಗಳಿಗೆಗಾಗಿ ಅವನು ಬೆಳಗಿನಿಂದ ಕಾಯುತ್ತಿದ್ದ. ಮಾಸ್ಕಿನ ಮೇಲಿನ ಆ ಕಣ್ಣುಗಳು ತನ್ನನ್ನು ನೋಡಿ ನಕ್ಕವೋ ಇಲ್ಲವೋ ಎಂದು ಯೋಚಿಸುವುದರಲ್ಲೇ ಅವನ ಮಧ್ಯಾಹ್ನ ಕಳೆಯುತ್ತಿತ್ತು.

ಆಗಿದ್ದಿಷ್ಟು. ಹೊಸ ಮುಲಾಮೊಂದರಿಂದ ಗಂಟು ಬರುತ್ತದೆಯೇ ಎಂದು ತಿಳಿಯಲು ಅದನ್ನು ಅರ್ಧ ಇಲಿಗಳ ಬೆನ್ನಿಗೆ ಹಚ್ಚಿ, ಉಳಿದವನ್ನು ಹಾಗೇ ಬಿಟ್ಟಿದ್ದರು. ಈಗ ಎರಡೂ ಗುಂಪಿನಲ್ಲಿ ಚರ್ಮದ ಗಂಟುಗಳು ಎದ್ದಿದ್ದವು. ಮುಲಾಮು ತಪ್ಪು ಪಂಜರಕ್ಕೆ ಹೋಗಿದ್ದರೆ ವರ್ಷಗಟ್ಟಲೆಯ ಪ್ರಯೋಗ ಮಣ್ಣುಪಾಲು. ಜೊತೆಗೆ ಅವನ ಕೆಲಸವೂ.

ಇಲಿಗಳಿಗೆ ವಯಸ್ಸಾಗಿದೆ, ಈ ವಯಸ್ಸಿನಲ್ಲಿ ಗಂಟು ತಾನಾಗಿಯೇ ಬರುವುದುಂಟು ಎಂದು ಅವನು ತಡವರಿಸುತ್ತಾ ಹೇಳಿದ. ಇನ್ನೊಮ್ಮೆ ನೋಡುತ್ತೇನೆ ಎಂದಷ್ಟೇ ಹೇಳಿ ಅವಳು ಎದ್ದುಹೋದಳು.

ಆಮೇಲೆ ಟ್ರೇ ಒಯ್ಯಲು ಬೇರೆಯವರು ಬರತೊಡಗಿದರು. ಅವನು ನೀರಿನ ಬಾಟಲಿ ತುಂಬಿಸಿದ, ಪಂಜರದ ಹೊಟ್ಟು ಬದಲಿಸಿದ, ಬಾಗಿಲ ಕಡೆ ನೋಡಬಾರದು ಅಂದುಕೊಂಡೇ ನೋಡಿದ.

ಒಂದು ಮಧ್ಯಾಹ್ನ ಅವಳೇ ಬಂದಳು. ನಿದ್ದೆಗೆಟ್ಟ ಕಣ್ಣುಗಳು ಕೆಂಪಗಿದ್ದವು. ಹಿಂದಿನ ಪ್ರಯೋಗಗಳಲ್ಲಿ ಏನೂ ಹಚ್ಚಿಸಿಕೊಳ್ಳದೆ ಮುದಿಯಾದ ಇಲಿಗಳ ಸ್ಲೈಡುಗಳನ್ನೆಲ್ಲ ತೆಗೆಸಿ, ಇವುಗಳ ಪಕ್ಕ ಇಟ್ಟು ನೋಡಿದ್ದಳು. ಅವೇ ಗಂಟುಗಳು, ಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ. ಮುಲಾಮಿನ ತಪ್ಪಿಲ್ಲ, ಅವನದೂ ಇಲ್ಲ. ತಾನು ದುಡುಕಿದೆ ಎಂದು ಮೀಟಿಂಗಿನಲ್ಲಿದ್ದ ಎಲ್ಲರ ಮುಂದೆಯೂ ಹೇಳಿ ಬಂದಿದ್ದಳು.

"ನಮ್ಮಮ್ಮ ಹೋಗಿದ್ದೂ ಚರ್ಮದ ಗಂಟಿನಿಂದಾನೇ," ಎಂದಳು ಮೆಲ್ಲಗೆ. "ಅವತ್ತಿಂದ ಯಾರದಾದ್ರೂ ತಪ್ಪಿರ್ಲೇಬೇಕು ಅಂತ ಹುಡುಕ್ತಾನೇ ಇದ್ದೀನಿ. ಡಾಕ್ಟರದ್ದು, ಅಪ್ಪಂದು, ನಂದು. ಈ ಸಲ ನೀವು ಸಿಕ್ಕಿಬಿಟ್ರಿ. ತುಂಬಾ ಕೋಪ ಇದ್ಯಾ?"

"ಬೇರೆ ಯಾರಾದ್ರೂ ಅಂದಿದ್ರೆ ಮರೆತುಬಿಡ್ತಿದ್ದೆ," ಎಂದ ಅವನು. "ನೀವು ಅಂದ್ರಲ್ಲ, ಅದಕ್ಕೇ ನೋವಾಯ್ತು."

ಮೊದಲು ಅವಳ ಕಿವಿ ಕೆಂಪಾಯಿತು. ಆಮೇಲೆ ಕಣ್ಣುಗಳು ನಕ್ಕವು; ಈ ಸಲ ಅವನಿಗೆ ಅನುಮಾನ ಉಳಿಯಲಿಲ್ಲ.

"ಟ್ರೇ ಒಯ್ಯೋಕೆ ನಮ್ಮಲ್ಲಿ ಬೇರೆ ಜನ ಇದ್ದಾರೆ ಡಾಕ್ಟ್ರೇ. ದಿನಾ ನಾನೇ ಯಾಕೆ ಬರ್ತಿದ್ದೆ ಅಂತ ಒಂದು ದಿನಾನೂ ಅನ್ನಿಸ್ಲಿಲ್ವಾ?"

ಹಾಗೆಂದು ಅವಳು ಪಂಜರದ ಕಡೆ ತಿರುಗಿದಳು. ಇಷ್ಟು ವರ್ಷ ಇಲಿಗಳನ್ನು ಗಾಜಿನ ಮೇಲೆ ನೋಡಿದ್ದೇ ಹೊರತು ಜೀವಂತ ಇಲಿಯನ್ನು ಕೈಯಲ್ಲಿ ಹಿಡಿದಿರಲೇ ಇಲ್ಲವಂತೆ.

ಪಕ್ಕೆಯಲ್ಲಿ ಗಂಟಿದ್ದ ಮುದಿ ಹೆಣ್ಣಿಲಿಯೊಂದನ್ನು ಅವನು ಅವಳ ಬೊಗಸೆಯಲ್ಲಿಟ್ಟ. ಅದು ಬೀಳದಿರಲೆಂದು ಕೆಳಗಿನಿಂದ ತನ್ನ ಅಂಗೈಯ ಆಸರೆ ಕೊಟ್ಟ.

"ಇವಳಿಗೆ ನೋವಿದ್ಯಾ?"

"ಸದ್ಯಕ್ಕಿಲ್ಲ. ಹೇಗೂ ಪ್ರಯೋಗ ಮುಗೀತು, ನಾಳೆ ಗಂಟು ತೆಗೆದುಬಿಡ್ತೀನಿ. ನೀವೂ ಜೊತೆಗಿರ್ತೀರಾ?"

"ಇರ್ತೀನಿ," ಎಂದಳು. "ನಾಳೆ ಒಂದಿನಕ್ಕಲ್ಲ."

ಇಲಿ ಅವಳ ಹೆಬ್ಬೆರಳನ್ನು ಮೂಸಿ, ಬೆಚ್ಚಗೆ ಮುದುಡಿ ಮಲಗಿತು. ಕೈ ತೆಗೆಯುವ ಅವಸರ ಇಬ್ಬರಿಗೂ ಇರಲಿಲ್ಲ.