ಹದಿಮೂರನೇ ದಾರಿ

"ಕಣ್ಣು ನೆತ್ತಿ ಮೇಲಿದ್ಯೇನ್ರೀ ನಿಮ್ಗೆ?"

ವ್ಯಾನಿನಿಂದ ಧುಮುಕಿದವಳು ಮೊದಲು ಕೂಗಿದ್ದು ಇದನ್ನೇ. ಹಿಂದೆ ಒಂದು ಕ್ಯಾನು ಮಗುಚಿಕೊಂಡು, ನಲವತ್ತು ಲೀಟರ್ ಹಾಲು ಬಾಗಿಲ ಸಂದಿಯಿಂದ ರಸ್ತೆಗೆ ಸುರಿಯುತ್ತಿತ್ತು. ಮುಂದೆ, ತಿರುವಿನ ಚರಂಡಿಯಲ್ಲಿ, ಸೈಕಲ್ಲೊಂದು ಚಕ್ರ ಮೇಲೆ ಮಾಡಿ ಬಿದ್ದಿತ್ತು. ಪಕ್ಕದಲ್ಲಿ ಹೆಲ್ಮೆಟ್ ತೊಟ್ಟವನೊಬ್ಬ ಮೊಣಕೈ ಒರೆಸಿಕೊಳ್ಳುತ್ತ ಎದ್ದು ಕುಳಿತ.

"ನಿಮಗೇನೂ ಆಗ್ಲಿಲ್ಲ ತಾನೆ?" ಎಂದ.

ಬಿದ್ದವನು ಅವನು, ಕೇಳಬೇಕಾದವಳು ತಾನು! ಆದರೆ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ನನಗೇನಾಗುತ್ತೆ? ಹಾಲು ಹೋಯ್ತು. ಬೆಳಬೆಳಿಗ್ಗೆ ನಡುರಸ್ತೇಲಿ ಬಗ್ಗಿಕೊಂಡು ಏನ್ ಹುಡುಕ್ತಿದ್ರಿ?"

"ಹುಡುಕ್ತಿರಲಿಲ್ಲ, ಅಳೀತಿದ್ದೆ. ಈ ಏರು ಎಷ್ಟು ಕಡಿದು ಅಂತ... ಇಷ್ಟು ಬೇಗ ಇಲ್ಲಿ ಯಾರೂ ಬರಲ್ಲ ಅಂದ್ಕೊಂಡೆ."

"ನಾನು ಬರ್ತೀನಿ. ದಿನಾ. ಆರು ಹತ್ತಕ್ಕೆ ಇದೇ ತಿರುವು."

ಅದು ಜಂಬದ ಮಾತಲ್ಲ. ಏಳು ಹಳ್ಳಿಗಳ ಹಾಲನ್ನು ಒಟ್ಟುಮಾಡಿ ಡೈರಿಗೆ ಮುಟ್ಟಿಸುವ ಅವಳಿಗೆ ಡೈರಿಯವರು ಇಟ್ಟ ಹೆಸರೇ ಗಡಿಯಾರ. ಆರು ವರ್ಷಗಳಲ್ಲಿ ಅವಳು ತಡವಾಗಿ ಹೋದದ್ದು ಎರಡೇ ಸಲ. ಈವತ್ತಿನದು ಮೂರನೆಯದು.

ಅವನು ಜೇಬಿನಿಂದ ಒದ್ದೆಯಾದ ಪುಸ್ತಕ ತೆಗೆದು ಏನೋ ಗೀಚಿಕೊಂಡ.

'ಆರು ಹತ್ತು ಅಂತ ಬರ್ಕೊಂಡ್ನಾ? ಎಂಥ ಮನುಷ್ಯ ಇವನು!'

ಮಾರನೆಯ ದಿನ ಮಧ್ಯಾಹ್ನ ಅವನು ಹಾಲಿನ ವ್ಯಾನಿನವರ ಮನೆ ಎಲ್ಲೆಂದು ಕೇಳಿಕೊಂಡು, ಅವಳ ಚಿಕ್ಕಮ್ಮನ ಅಂಗಡಿಗೇ ಬಂದ. ಏರಿನ ನೆತ್ತಿಯಲ್ಲಿ, ಶಾಲೆಯ ಎದುರಿಗಿರುವ ಆ ಅಂಗಡಿಯ ಹಿಂದಿನ ಎರಡು ಕೋಣೆಗಳೇ ಅವಳ ಮತ್ತು ಚಿಕ್ಕಮ್ಮನ ಮನೆ. ತಾಯಿ ಹೋದ ಮೇಲೆ ಅವಳನ್ನು ಸಾಕಿ ಬೆಳೆಸಿದವಳು ಚಿಕ್ಕಮ್ಮ. ಒಂದು ಲೋಟ ಚಹಾ ಮುಗಿಯುವಷ್ಟರಲ್ಲಿ ಅವನ ಹಿಂದುಮುಂದೆಲ್ಲ ಕೇಳಿ ತಿಳಿದುಕೊಂಡಳು.

ಅವನು ಪಟ್ಟಣದ ಒಂದು ಮುದ್ರಣಾಲಯದಲ್ಲಿ ನಕ್ಷೆ ಬರೆಯುವವನು. ಅಲ್ಲಿನ ಸೈಕಲ್ ಕ್ಲಬ್ಬಿನವರು ದಾರಿ ಪುಸ್ತಕವೊಂದನ್ನು ತರುತ್ತಿದ್ದರು. ಸುತ್ತಲಿನ ಹಳ್ಳಿಗಾಡಿನಲ್ಲಿ ಭಾನುವಾರದ ಸವಾರಿಗೆ ಒಳ್ಳೆಯ ದಾರಿಗಳನ್ನು ಆರಿಸಿ ನಕ್ಷೆ ಮಾಡಿಕೊಡುವುದು ಅವನ ಕೆಲಸ.

"ನಮ್ಮೂರ ರಸ್ತೇನೂ ಹಾಕ್ತೀರೇನಪ್ಪಾ?" ಚಿಕ್ಕಮ್ಮನ ಕಣ್ಣು ಅರಳಿತು. ಶಾಲೆಗೆ ಮಕ್ಕಳು ಕಡಿಮೆಯಾದಾಗಿನಿಂದ ಅಂಗಡಿಯಲ್ಲಿ ನೊಣ ಹೊಡೆಯುವುದೇ ಕೆಲಸವಾಗಿತ್ತು.

"ಹಾಕ್ಬೇಕು ಅಂತಿದ್ದೀನಿ. ಅದಕ್ಕೇ ಇವರ ಸಹಾಯ ಕೇಳೋಣ ಅಂತ ಬಂದೆ. ಎಲ್ಲಿ ಜಲ್ಲಿ ಎದ್ದಿದೆ, ಎಲ್ಲಿ ನೀರು ನಿಲ್ಲುತ್ತೆ... ಅಳತೆ ಪಟ್ಟಿಗೆ ಅದೆಲ್ಲ ಗೊತ್ತಾಗಲ್ಲ."

ಅವಳು ಬೇಡವೆನ್ನಬೇಕೆಂದಿದ್ದಳು. ಬಾಯಿಂದ ಬಂದದ್ದೇ ಬೇರೆ.

"ಇಟ್ಟಿಗೆ ಗೂಡು ದಾಟಿದ ಮೇಲೆ ಒಂದು ಕಂದು ನಾಯಿ ಇದೆ. ಅದನ್ನ ಮೊದಲು ಬರ್ಕೊಳ್ಳಿ."

ಹೀಗೆ ಶುರುವಾಯಿತು. ಭಾನುವಾರ ಅವಳ ಸುತ್ತು ಮುಗಿಯುವ ಹೊತ್ತಿಗೆ ಅವನು ಬರುತ್ತಿದ್ದ. ಎರಡನೇ ವಾರ ಅವಳಿಗೂ ಒಂದು ಸೈಕಲ್ ತಂದ. ಶಾಲೆ ಬಿಟ್ಟ ಮೇಲೆ ಅವಳು ಸೈಕಲ್ ಮುಟ್ಟಿರಲಿಲ್ಲ. ಮೊದಲ ಏರಿನಲ್ಲೇ ತೊಡೆ ಉರಿದು, ಉಸಿರು ಬಾಯಿಗೆ ಬಂತು.

"ಏರು ಸಿಗೋದಕ್ಕೆ ಮುಂಚೇನೇ ಗೇರ್ ಇಳಿಸಿ," ಎಂದ ಅವನು. "ಅರ್ಧ ಹತ್ತಿದ ಮೇಲೆ ಇಳಿಸೋಕೆ ಹೋದ್ರೆ ಚೈನು ಜಗಳಕ್ಕೆ ನಿಲ್ಲುತ್ತೆ."

"ನಿಮ್ಮ ಚೈನಿಗಿಂತ ಮುಂಚೆ ನಾನೇ ಜಗಳಕ್ಕೆ ನಿಲ್ತೀನಿ, ನೋಡ್ತಿರಿ!"

ಅವನು ನಕ್ಕ. ಸದ್ದಿಲ್ಲದ ನಗು.

ಆರು ವರ್ಷದಿಂದ ಅದೇ ರಸ್ತೆ. ಆದರೂ ವ್ಯಾನಿನೊಳಗೆ ಕೂತವಳಿಗೆ ಕಾಣದ್ದೆಲ್ಲ ಈಗ ಕಂಡಿತು. ಗುಡ್ಡದಾಚೆ ಮತ್ತೊಂದು ಗುಡ್ಡ, ನಡುವೆ ಕೊಯ್ಲಾದ ಹೊಲಗಳು, ದೂರದಲ್ಲಿ ಕೆರೆಯ ಏರಿ. ಇಳಿಜಾರಿನಲ್ಲಿ ಕಾಲು ಆಡಿಸದೆ ಬಿಟ್ಟರೆ ಗಾಳಿ ಕಿವಿಯಲ್ಲಿ ಗುಂಯ್‌ಗುಟ್ಟುತ್ತಿತ್ತು.

'ಮುಂದಿನ ಭಾನುವಾರ ಬೇಗ ಬರಬಾರ್ದಾ...'

ಹಾಗೆ ಅನಿಸಿದ್ದೇ ತಡ, ಅವಳಿಗೇ ನಾಚಿಕೆಯಾಯಿತು.

ಇತ್ತ ಚಿಕ್ಕಮ್ಮ ಸುಮ್ಮನೆ ಕೂರಲಿಲ್ಲ. ಅಂಗಡಿ ಮುಂದೆ ಎರಡು ಬೆಂಚು ಹಾಕಿಸಿದಳು. ಪಂಪು ತಂದಿಟ್ಟಳು. 'ಸೈಕಲ್ ಸವಾರರಿಗೆ ಸ್ವಾಗತ' ಎಂದು ಫಲಕ ಬರೆಸಿದಳು.

ಐದನೇ ಭಾನುವಾರ ಕ್ಲಬ್ಬಿನ ಇಬ್ಬರು ದಾರಿ ನೋಡಲು ನಸುಕಿನಲ್ಲೇ ಬಂದರು. ತಿರುವಿನಲ್ಲಿ ಬಾಣದ ಹಾಗೆ ನುಗ್ಗಿದವರಿಗೂ ಅವಳ ವ್ಯಾನಿಗೂ ನಡುವೆ ಉಳಿದದ್ದು ಒಂದು ಗೇಣು. ಅವರು ಕೈಬೀಸಿ ಹೋದರು. ಅವಳು ವ್ಯಾನು ಬದಿಗೆ ಹಾಕಿ, ಮೋರಿಯ ಕಟ್ಟೆಯ ಮೇಲೆ ಕುಳಿತಳು. ಕೈ ನಡುಗುತ್ತಿತ್ತು. ಸ್ವಲ್ಪ ಹೊತ್ತಿಗೆ, ಅವರ ಹಿಂದೆ ಬರುತ್ತಿದ್ದ ಅವನು ಅಲ್ಲಿಗೆ ಬಂದ.

"ಯಾಕೆ ನಿಲ್ಸಿದ್ರಿ?"

"ಇಂಜಿನ್ ಬಿಸಿಯಾಗಿತ್ತು," ಎಂದಳು, ಕೈಗಳನ್ನು ಮಡಿಲಲ್ಲಿ ಒತ್ತಿಟ್ಟುಕೊಂಡು.

ಅವನು ಆ ಕೈಗಳತ್ತ ಒಮ್ಮೆ ನೋಡಿ, ರಸ್ತೆಯ ತಿರುವಿನತ್ತ ನೋಡಿದ.

ಮೂರು ವಾರ ಕಳೆದು ದಾರಿ ಪುಸ್ತಕ ಅಚ್ಚಾಗಿ ಬಂತು. ಒಂದು ಪ್ರತಿಯನ್ನು ಅಂಗಡಿಗೆ ತಂದುಕೊಟ್ಟವನು ಕ್ಲಬ್ಬಿನ ಕಾರ್ಯದರ್ಶಿ. ಹನ್ನೆರಡು ದಾರಿ, ಹನ್ನೆರಡು ನಕ್ಷೆ. ಅವಳು ಹಾಳೆ ತಿರುವಿದಳು, ಮತ್ತೆ ಮೊದಲಿಂದ ತಿರುವಿದಳು.

ಅವಳ ರಸ್ತೆ ಎಲ್ಲೂ ಇರಲಿಲ್ಲ!

"ಅವನೇ ಬೇಡ ಅಂದ," ಎಂದ ಕಾರ್ಯದರ್ಶಿ. "ಕೊನೆ ಗಳಿಗೇಲಿ ತೆಗೆದ. ಯಾಕೆ ಅಂದ್ರೆ ಬಾಯೇ ಬಿಡ್ಲಿಲ್ಲ. ಆ ಕಡೆಗೆ ಇನ್ನು ಹೋಗೋದು ಬೇಡ ಅಂದ, ಅಷ್ಟೇ."

ಆ ಕಡೆಗೆ ಇನ್ನು ಹೋಗೋದು ಬೇಡ...

'ಅಂದ್ರೆ, ನನ್ನ ಕಡೆಗೆ? ಕೆಲಸ ಆಗೋವರೆಗೆ ನಗು, ಮಾತು. ಆಮೇಲೆ ಕೈತೊಳ್ಕೊಂಡ.'

ಚಿಕ್ಕಮ್ಮ ಫಲಕವನ್ನು ಒಳಗೆ ತಂದು ಗೋಡೆಗೆ ಮುಖ ಮಾಡಿ ನಿಲ್ಲಿಸಿದಳು. ಪುಸ್ತಕ ಹಿಡಿದು ನಿಂತಿದ್ದ ಅವಳಿಗೆ ತನ್ನ ಸಂಕಟಕ್ಕಿಂತ ಅದನ್ನು ನೋಡುವುದೇ ಕಷ್ಟವಾಯಿತು.

ಅವನು ಫೋನ್ ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ. ಎತ್ತಲಿಲ್ಲ. ಭಾನುವಾರ ಬಂದು ಹೋಯಿತು. ಅವಳು ಆರು ಹತ್ತಕ್ಕೆ ತಿರುವು ದಾಟುತ್ತಿದ್ದಳು, ಎಂಟೂಕಾಲಿಗೆ ಡೈರಿಯಲ್ಲಿ ಕ್ಯಾನು ಇಳಿಸುತ್ತಿದ್ದಳು. ಕೆಲಸ ಎಲ್ಲೂ ತಪ್ಪಲಿಲ್ಲ. ಊಟ ಮಾತ್ರ ತಟ್ಟೆಯಲ್ಲಿ ಅರ್ಧಕ್ಕೇ ಉಳಿಯುತ್ತಿತ್ತು.

"ಎಷ್ಟು ದಿನ ಅಂತ ಹೀಗೆ ಮುಖ ಊದಿಸ್ಕೊಂಡಿರ್ತೀಯೆ?" ಎಂದಳು ಚಿಕ್ಕಮ್ಮ. "ಹೋಗಿ ಎರಡು ಬೈದಾದ್ರೂ ಬಾ. ನನ್ನ ಪಾಲಿಂದೂ ಸೇರ್ಸಿ ಬೈ."

ಹೋದಳು. ಡೈರಿಯಿಂದ ನೇರವಾಗಿ, ಹಾಲಿನ ವಾಸನೆಯ ಸಮವಸ್ತ್ರದಲ್ಲೇ.

ಮುದ್ರಣಾಲಯದ ಒಳಗೆ ಯಂತ್ರಗಳು ಧಡಧಡ ಎನ್ನುತ್ತಿದ್ದವು. ಮೂಲೆಯ ಓರೆ ಮೇಜಿನ ಮುಂದೆ ಅವನು, ಕಿವಿಯ ಮೇಲೊಂದು ಪೆನ್ಸಿಲ್ ಸಿಕ್ಕಿಸಿಕೊಂಡು. ಅವಳನ್ನು ನೋಡಿ ಎದ್ದ ರಭಸಕ್ಕೆ ಸ್ಟೂಲು ಬಿತ್ತು.

"ನಮ್ಮ ರಸ್ತೆ ಯಾಕೆ ತೆಗೆದ್ರಿ?"

"ಫೋನ್ ಎತ್ತಿದ್ರೆ ಹೇಳ್ತಿದ್ದೆ..."

"ಈಗ ಹೇಳಿ!"

ಯಂತ್ರದ ಸದ್ದಿಗೆ ಇಬ್ಬರೂ ಕೂಗಬೇಕಾಯಿತು.

"ಆವತ್ತು ಇಂಜಿನ್ ಬಿಸಿಯಾಗಿರ್ಲಿಲ್ಲ," ಎಂದ ಅವನು. "ನಿಮ್ಮ ಕೈ ನಡುಗ್ತಿತ್ತು. ನಾನು ನೋಡಿದೆ. ಅವರಿಬ್ಬರು ನಿಮ್ಮ ವ್ಯಾನಿಗೆ ಹೇಗೆ ನುಗ್ಗಿದ್ರು ಅಂತ ಆಮೇಲೆ ಗೊತ್ತಾಯ್ತು. ಪುಸ್ತಕ ಬಂದ್ರೆ ವಾರಾ ವಾರಾ ಅರವತ್ತು ಜನ ಆ ತಿರುವಿಗೆ ಬರ್ತಾರೆ. ಅದೂ ಬೆಳಬೆಳಿಗ್ಗೆ. ನೀವು ಜೀವ ಕೈಲಿ ಹಿಡ್ಕೊಂಡು ವ್ಯಾನ್ ಓಡಿಸ್ಬೇಕು. ಅದಕ್ಕೆ ನಾನೇ ದಾರಿ ಮಾಡಿಕೊಡ್ಲಾ? ಆ ಕಡೆಗೆ ಯಾರನ್ನೂ ಕಳಿಸೋದು ಬೇಡ ಅಂದೆ."

ಅವಳ ಸಿಟ್ಟು ಅಲ್ಲಾಡಿತು. ಆದರೆ ಪೂರ್ತಿ ಬೀಳಲಿಲ್ಲ.

"ನನ್ನನ್ನ ಕೇಳಿದ್ರಾ?"

"ಇಲ್ಲ."

"ಚಿಕ್ಕಮ್ಮನ್ನ?"

"ಇಲ್ಲ..."

"ನಡುಗಿದ್ದು ನನ್ನ ಕೈ. ಹೆದರಿಕೆ ನನ್ನದು. ಅದನ್ನ ಏನ್ ಮಾಡ್ಬೇಕು ಅಂತ ನಾನು ಹೇಳ್ತೀನಿ. ನನ್ನ ಪರವಾಗಿ ನೀವೇ ಹೆದರಿ, ನೀವೇ ತೀರ್ಮಾನ ಮಾಡಿ, ಊರನ್ನೇ ಅಳಿಸಿಬಿಡೋದಾ?"

ಅವನು ತಲೆ ತಗ್ಗಿಸಲಿಲ್ಲ, ಸಬೂಬು ಹೇಳಲಿಲ್ಲ.

"ತಪ್ಪಾಯ್ತು," ಎಂದ. "ನಿಮಗೆ ಏನಾದ್ರೂ ಆದ್ರೆ ಅಂತ ಯೋಚನೆ ಬಂದಾಗ ಬುದ್ಧಿ ಓಡ್ಲಿಲ್ಲ."

ಆ ಕೊನೆಯ ಮಾತನ್ನು ಅವನು ಕೂಗಿ ಹೇಳುವಷ್ಟರಲ್ಲಿ ಯಂತ್ರ ನಿಂತಿತ್ತು. ಇಡೀ ಮುದ್ರಣಾಲಯ ಕೇಳಿಸಿಕೊಂಡಿತು. ಕಾಗದ ಜೋಡಿಸುತ್ತಿದ್ದ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡಳು.

ಅವಳ ಕೆನ್ನೆ ಬಿಸಿಯಾಯಿತು. ಬಿದ್ದಿದ್ದ ಸ್ಟೂಲನ್ನು ತಾನೇ ಎತ್ತಿ ನಿಲ್ಲಿಸಿ, ಅದರ ಮೇಲೆ ಕುಳಿತಳು.

"ನಕ್ಷೆ ತೆಗೀರಿ. ಎಂಟೂಕಾಲಿಗೆ ನಾನು ಡೈರೀಲಿರ್ತೀನಿ. ಒಂಬತ್ತಕ್ಕೆ ಸವಾರಿ ಕೆರೆ ಕಡೆಯಿಂದ ಹೊರಡ್ಲಿ. ಆಗ ಆ ತಿರುವು ಅವರಿಗೆ ಏರು, ಯಾರೂ ಬಾಣದ ಹಾಗೆ ನುಗ್ಗೋಕಾಗಲ್ಲ. ಮೇಲೆ ಹತ್ತಿ ಬಂದವರಿಗೆ ಬಾಯಾರಿರುತ್ತೆ, ಚಿಕ್ಕಮ್ಮನ ಅಂಗಡಿ ಅಲ್ಲೇ ಇದೆ. ಇದನ್ನ ಯೋಚಿಸೋಕೆ ನನಗೆ ಎರಡು ನಿಮಿಷ ಬೇಕಾಯ್ತು. ಕೇಳಿದ್ರೆ ಆವತ್ತೇ ಹೇಳ್ತಿದ್ದೆ."

ಅವನು ಕಿವಿಯ ಮೇಲಿಂದ ಪೆನ್ಸಿಲ್ ತೆಗೆದ.

ಹದಿಮೂರನೇ ದಾರಿ ಬಿಡಿ ಹಾಳೆಯಾಗಿ ಅಚ್ಚಾಯಿತು. ಪ್ರತಿ ಪುಸ್ತಕದೊಳಗೂ ಒಂದೊಂದು ಹಾಳೆ ಸೇರಿಸುವ ಕೆಲಸಕ್ಕೆ ಎರಡು ಮಧ್ಯಾಹ್ನ ಅವಳೂ ಕೂತಳು. ಅವನು ಮಡಿಸಿದ ಹಾಳೆಯನ್ನು ಅವಳು ಒಳಗಿಡುತ್ತಿದ್ದಳು. ಹೊತ್ತು ಹೋದದ್ದು ತಿಳಿಯಲಿಲ್ಲ.

ಮೊದಲ ಭಾನುವಾರ ಬಂದವರು ಮೂವತ್ತೊಂದು ಜನ. ಕೆಂಪು ಮುಖ, ಬೆವರಿದ ಬೆನ್ನು, ಎಲ್ಲರೂ ಏದುಸಿರು ಬಿಡುತ್ತ ಬೆಂಚಿನ ಮೇಲೆ ಕುಸಿದರು. ಚಿಕ್ಕಮ್ಮನಿಗೆ ಕೈ ನಾಲ್ಕಿದ್ದರೂ ಸಾಲುತ್ತಿರಲಿಲ್ಲ. ಎಲ್ಲರ ಕೊನೆಯಲ್ಲಿ ಅವನು ಬಂದ. ಸೈಕಲ್ಲನ್ನು ಗೋಡೆಗೊರಗಿಸಿ, ಅಂಗಡಿಯ ಹಿಂದೆ ಲೋಟ ತೊಳೆಯುತ್ತಿದ್ದ ಅವಳ ಬಳಿ ಹೋಗಿ ನಿಂತ.

"ದಾರಿ ಪುಸ್ತಕದ ಕೆಲಸ ಮುಗೀತು," ಎಂದ.

"ಹೂಂ."

"ಇನ್ನು ಇಲ್ಲಿಗೆ ಬರೋಕೆ ನೆಪ ಇಲ್ಲ."

ಅವಳು ನಲ್ಲಿ ನಿಲ್ಲಿಸಿದಳು.

"ನೆಪ ಇಲ್ದೆ ಬರೋಕಾಗಲ್ವಾ?"

"ಆಗುತ್ತೆ. ಬರ್ತೀನಿ. ಈ ಸಲ ಕೇಳ್ಕೊಂಡೇ ಬರ್ತೀನಿ." ಅವನು ಒಮ್ಮೆ ಉಸಿರು ತೆಗೆದುಕೊಂಡ. "ನೀವಂದ್ರೆ ನನಗೆ ತುಂಬಾ ಇಷ್ಟ. ಮದುವೆ ಮಾಡ್ಕೊಳ್ಳೋಣ್ವಾ? ಈಗಲೇ ಹೇಳ್ಬೇಕು ಅಂತಿಲ್ಲ, ಯೋಚನೆ ಮಾಡಿ..."

"ಮಾಡಿ ಆಯ್ತು."

"ಯಾವಾಗ?"

"ಪುಸ್ತಕಕ್ಕೆ ಹಾಳೆ ಸೇರಿಸ್ತಿದ್ನಲ್ಲ, ಆಗ. ಒಪ್ಪಿಗೆ ಇದೆ. ಆದ್ರೆ ಒಂದು ಮಾತು. ಇನ್ಮೇಲೆ ನನ್ನನ್ನ 'ನೀವು' ಅನ್ನಬೇಡಿ."

"ಮತ್ತೆ ನೀವೇ 'ಬೇಡಿ' ಅಂದ್ರಲ್ಲ?"

ಅವಳು ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು, ಅವನ ಕೈ ಹಿಡಿದಳು.

"ಸರಿ... ಅನ್ನಬೇಡ."