ಅಪೊಲೆನಾಳ ಮೇಜಿನ ಎರಡನೇ ಲೋಟ

"ಈ ಆಟ ಮಾಡಿದವನಿಗೆ ಕಣ್ಣಿದೆ. ಕಿವಿ ಮಾತ್ರ ಇಲ್ಲ."

ಇಷ್ಟು ಹೇಳಿ ರದಾನಾ ಒಂದು ಗುಟುಕು ವೈನ್ ಕುಡಿದಳು. ನೆಲಮಾಳಿಗೆಯಲ್ಲಿ ಕುಳಿತವರೆಲ್ಲ ನಕ್ಕರು. ಹಿಂದಿನ ಬೆಂಚಿನ ಮೇಲಿದ್ದ ಒಬ್ಬನನ್ನು ಬಿಟ್ಟು.

ಬರ್ನೊ ಊರಿನ ಆ ನೆಲಮಾಳಿಗೆಯ ವೈನ್ ಅಂಗಡಿಯಲ್ಲಿ ಗುರುವಾರ ಸಂಜೆ ಎಂದರೆ ವಿಡಿಯೋ ಗೇಮ್‌ಗಳ ಸಂಜೆ. ಈಚೆಗೆ ಆಡಿದ ಆಟ ಹೇಗಿತ್ತು ಎಂದು ಯಾರು ಬೇಕಾದರೂ ಎದ್ದು ಹೇಳಬಹುದು. ಹೊಗಳಬಹುದು, ಉಗಿಯಲೂಬಹುದು. ರದಾನಾ ಗ್ರಂಥಾಲಯದಲ್ಲಿ ದಿನವಿಡೀ ಪಿಸುಮಾತಿನಲ್ಲೇ ಬದುಕುವವಳು. ಗುರುವಾರ ಬಂತೆಂದರೆ ಅವಳ ಗಂಟಲು ಬಿಚ್ಚುತ್ತಿತ್ತು. ಆಟದ ಮಾತು ಶುರುವಾದರೆ ಪಕ್ಕದಲ್ಲಿ ನಿಂತು ಕರೆದರೂ ಅವಳಿಗೆ ಕೇಳುತ್ತಿರಲಿಲ್ಲ. ಈ ಸಂಗತಿ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಅಂದು ಅವಳು ಮಾತಾಡಿದ್ದು 'ನೀರಿಗೆ ಮುನ್ನ' ಎಂಬ ಹೊಸ ಆಟದ ಬಗ್ಗೆ. ಅಣೆಕಟ್ಟಿನ ನೀರಿನಲ್ಲಿ ಮುಳುಗಲಿರುವ ಒಂದು ಹಳ್ಳಿ. ಅದರ ಕೊನೆಯ ದಿನ ನಾವು ಅಲ್ಲಿಗೆ ಹೋಗುತ್ತೇವೆ, ಅಷ್ಟೇ ಆಟ.

"ಆ ಪ್ಲಮ್ ಮರಗಳು... ನಾನು ಎಷ್ಟೋ ಹೊತ್ತು ಸುಮ್ಮನೆ ಅವುಗಳ ಕೆಳಗೆ ನಿಂತಿದ್ದೆ. ಕೈಯಲ್ಲಿ ಕಂಟ್ರೋಲರ್ ಇದೆ ಅನ್ನೋದೇ ಮರೆತುಹೋಗಿತ್ತು. ಆದ್ರೆ ಹಳ್ಳಿ ಜನ ಎಲ್ಲರೂ ನನ್ನನ್ನ 'ನೀವು' ಅಂತಾರೆ! ಯಾವ ಹಳ್ಳೀಲಿ ಹಾಗಂತಾರೆ, ನೀವೇ ಹೇಳಿ. ಕೊನೆಗೆ ದೋಣಿ ನಡೆಸೋ ಅಪೊಲೆನಾ ಅಜ್ಜಿಯ ಅಡುಗೆಮನೆಗೆ ಹೋದ್ರೆ, ಆಟವೇ ಕೆಟ್ಟು ನಿಂತುಬಿಡುತ್ತೆ. ಅಜ್ಜಿ ಎರಡು ಲೋಟ ಇಡ್ತಾಳೆ, ತನ್ನ ಹೆಸರು ಹೇಳ್ತಾಳೆ, ಆಮೇಲೆ ಗರ ಬಡಿದ ಹಾಗೆ ಕೂತಿರ್ತಾಳೆ. ನಾನು ಎದ್ದು ಹೊರಗೆ ಬಂದೆ. ನೀರು ಬಂತು, ಆಟ ಮುಗೀತು."

ಹಿಂದಿನ ಬೆಂಚಿನವನು ಎದ್ದು ನಿಂತ. ಸೊರಗಿದ ಮುಖ, ಮೊಣಕೈ ಸವೆದ ಸ್ವೆಟರು.

"ಕ್ಷಮಿಸಿ. ಆಟ ಕೆಟ್ಟು ನಿಂತಿಲ್ಲ. ಅಪೊಲೆನಾ ಕಾಯ್ತಿದ್ದಾರೆ."

"ಏನಕ್ಕೆ ಕಾಯ್ತಿದ್ದಾರೆ?"

"ಅದನ್ನ ನಾನು ಹೇಳಿಬಿಟ್ಟರೆ ಅವರು ಕಾದಿದ್ದು ವ್ಯರ್ಥ ಆಗುತ್ತೆ."

"ನಿಮಗೆ ಹೇಗೆ ಗೊತ್ತು?"

"ಆ ಆಟ ಮಾಡಿದವನು ನಾನೇ." ಅವನು ತನ್ನ ಕಿವಿಯನ್ನೊಮ್ಮೆ ಮುಟ್ಟಿಕೊಂಡ. "ಇದು ಇದೆ ಅಂತ ಅಂದುಕೊಂಡಿದ್ದೆ."

ಈಗ ಜನ ಇನ್ನೂ ಜೋರಾಗಿ ನಕ್ಕರು. ರದಾನಾಳ ಮುಖ ಕೆಂಪೇರಿತು. ಅವನ ಕಣ್ಣಿನಲ್ಲಿ ಕೋಪವೇ ಇಲ್ಲದ್ದನ್ನು ಕಂಡು ಇನ್ನಷ್ಟು ಕೆಂಪೇರಿತು.

ಅವನ ಹೆಸರು ಹಿನೆಕ್.

ಅಂದಿನಿಂದ ಪ್ರತಿ ಗುರುವಾರ ಅವನು ಬಂದ. ಮೊದಲು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದವನು ಬೇಸಗೆಯ ಹೊತ್ತಿಗೆ ಅವಳ ಎದುರಿಗೇ ಕೂರತೊಡಗಿದ. ಅವಳ ಮಾತನ್ನು ಅವನಷ್ಟು ಗಮನವಿಟ್ಟು ಯಾರೂ ಕೇಳಿರಲಿಲ್ಲ.

"ಆ ಯುದ್ಧದ ಆಟ ಆಡಿದ್ರಾ?" ಎಂದು ಕೇಳುತ್ತಿದ್ದಳು. "ಆಕಾಶ ಅಷ್ಟು ಚೆಂದ ಮಾಡಿದಾರೆ, ಕುದುರೆಗೆ ಒಂದು ಸಲಾನೂ ಬಾಯಾರಿಕೆ ಆಗಲ್ಲ. ಬಾಯಾರದ ಕುದುರೆ ಮೇಲೆ ನನಗೆ ಪ್ರೀತಿ ಹೇಗೆ ಬರಬೇಕು?"

"ನಿಮಗೆ ಪ್ರೀತಿ ಬರಬೇಕಾದ್ರೆ ಬಾಯಾರಬೇಕಾ?"

"ಏನಾದರೂ ಬೇಕು ಅಂತ ಅನ್ನಿಸಬೇಕು ಕಣ್ರೀ. ಇಲ್ಲದಿದ್ರೆ ಅದು ಗೊಂಬೆ."

ಅವನು ನಗುತ್ತಿದ್ದ. ಆ ನಗುವಿಗಾಗಿಯೇ ಅವಳು ವಾರವಿಡೀ ಆಟಗಳನ್ನು ಹುಡುಕಿ ಆಡುತ್ತಿದ್ದಳು. ಆದರೆ ಅವನ 'ನೀವು' ಮಾತ್ರ ನೀವಾಗಿಯೇ ಉಳಿಯಿತು. 'ನನ್ನನ್ನು ಇವನು ಇನ್ನೂ ಹೊಸಿಲಾಚೆಯೇ ನಿಲ್ಲಿಸಿದ್ದಾನೆ' ಎಂದು ಅವಳ ಮನಸ್ಸು ಕೊರಗುತ್ತಿತ್ತು.

ಒಂದು ಗುರುವಾರ ಅವಳು ಜೇನುಹುಳುವಾಗಿ ಹಾರುವ ಆಟವೊಂದನ್ನು ಆಡಿ ಬಂದಿದ್ದಳು. "ಒಂದು ಗಸಗಸೆ ಹೂವಿನ ಒಳಗೆ ಇಳಿದೆ ನೋಡಿ, ಗೋಡೆಯೆಲ್ಲಾ ಕೆಂಪು, ಮೇಲಿಂದ ಬೆಳಕು... ದೊಡ್ಡ ಚರ್ಚಿನ ನಡುವೆ ಒಬ್ಬಳೇ ನಿಂತ ಹಾಗಾಯ್ತು..."

ಹಿನೆಕ್ ತನ್ನ ಲೋಟ ಎತ್ತಿದ. ಅವಳ ಕಡೆ ಚಾಚಿದ.

"ಹಿನೆಕ್," ಎಂದ. ದನಿ ಸ್ವಲ್ಪ ನಡುಗಿತ್ತು.

"ಗೊತ್ತು ಕಣ್ರೀ, ನಿಮ್ಮ ಹೆಸರು ನಾನು ಮರೀತೀನಾ? ಕೇಳಿ ಇಲ್ಲಿ, ಆ ಹೂವಿನ ತಳದಲ್ಲಿ..."

ಅವನ ಲೋಟ ಮೆಲ್ಲಗೆ ಮೇಜಿಗಿಳಿಯಿತು. ಅವಳು ಹೂವಿನ ತಳದಲ್ಲೇ ಇದ್ದಳು.

ಅದಾದ ಮೇಲೆ ಹಿನೆಕ್ ಮಾತು ಕಡಿಮೆ ಮಾಡಿದ. ಒಂದು ಸಂಜೆ ಅವನ ಜೊತೆ ಎತ್ತರದ ಹುಡುಗಿಯೊಬ್ಬಳು ಬಂದಳು. ಬ್ಲಾಜೆನಾ, ಅವನ ಆಟಗಳಿಗೆ ಸಂಗೀತ ಮಾಡುವವಳು.

"ಲೇ, ನೀನು ಬೆಳಗ್ಗೆಯಿಂದ ಏನಾದ್ರೂ ತಿಂದ್ಯಾ?" ಎಂದು ಅವಳು ಕೇಳಿದಳು.

"ನೀನು ನನ್ನ ಅಮ್ಮನಾ? ಸುಮ್ನೆ ಕೂತ್ಕೋ," ಎಂದ ಹಿನೆಕ್.

ನೀನು... ಎಷ್ಟು ಸಲೀಸಾಗಿ ಬಂತು ಆ ಮಾತು! ರದಾನಾ ತನ್ನ ಲೋಟವನ್ನು ಪಕ್ಕಕ್ಕೆ ಸರಿಸಿದಳು. 'ಅವಳು ಮನೆಯವಳು. ನಾನು ಗುರುವಾರದವಳು.' ಅಂದು ಅವಳು ಎದ್ದು ಮಾತಾಡಲೇ ಇಲ್ಲ.

ಅಂಗಡಿಯ ಒಡತಿ, ಎಲ್ಲರೂ ಹೆದ್ವಿಕಾ ಅತ್ತೆ ಎಂದು ಕರೆಯುವ ದಪ್ಪ ಹೆಂಗಸು, ಬಾಗಿಲಲ್ಲಿ ಅವಳ ಕೋಟು ಹಿಡಿದು ನಿಲ್ಲಿಸಿದಳು.

"ಮುಂದಿನ ಗುರುವಾರ ಒಂದೇ ಅಂತೆ, ಆಮೇಲೆ ಆ ಹುಡುಗ ಬರಲ್ಲವಂತೆ. ಏನೇ ಮಾಡ್ದೆ ಅವನಿಗೆ?"

"ನಾನೇನು ಮಾಡ್ಲಿ ಅತ್ತೆ? ಅವರಿಗೆ ನಾನು ಯಾರು?"

"ಅದನ್ನ ನನ್ನ ಕೇಳ್ತೀಯಲ್ಲ, ಪೆದ್ದಿ," ಎಂದಳು ಅತ್ತೆ.

ಭಾನುವಾರ ಬೆಳಗ್ಗೆ ರದಾನಾ 'ನೀರಿಗೆ ಮುನ್ನ' ಆಟವನ್ನು ಮತ್ತೆ ಹಾಕಿದಳು. ಕೊನೆಯ ಗುರುವಾರಕ್ಕಾದರೂ ಅವನ ಆಟದ ಬಗ್ಗೆ ಸರಿಯಾದ ನಾಲ್ಕು ಮಾತು ಹೇಳಿ ಬೀಳ್ಕೊಡಬೇಕು ಎಂಬುದಷ್ಟೇ ಅವಳ ಆಸೆ. ಪ್ಲಮ್ ಮರಗಳು ಹಾಗೇ ಹೂ ಉದುರಿಸುತ್ತಿದ್ದವು. ದೋಣಿಯಲ್ಲಿ ಹೊಳೆ ದಾಟಿ ಅಪೊಲೆನಾ ಅಜ್ಜಿಯ ಅಡುಗೆಮನೆಗೆ ಹೋದಳು.

"ಒಳಗೆ ಬನ್ನಿ, ಕೂತ್ಕೊಳ್ಳಿ," ಎಂದಳು ಅಜ್ಜಿ. ಪ್ಲಮ್ ಸಾರಾಯಿಯ ಎರಡು ಪುಟ್ಟ ಲೋಟ ಇಟ್ಟಳು. ಒಂದನ್ನು ಎತ್ತಿ ಹಿಡಿದಳು. "ಅಪೊಲೆನಾ."

ಆಮೇಲೆ ಬರೀ ಗಡಿಯಾರದ ಸದ್ದು. ಅಜ್ಜಿಯ ಕೈ ಎತ್ತಿದ್ದು ಎತ್ತಿದ ಹಾಗೇ ಇತ್ತು.

ಈ ಸಲ ರದಾನಾ ಎದ್ದು ಹೋಗಲಿಲ್ಲ. ನೋಡಿದಳು. ಆ ಕೈ ಕಲ್ಲಾಗಿರಲಿಲ್ಲ. ವಯಸ್ಸಾದವರ ಕೈ ನಡುಗುವ ಹಾಗೆ ಸಣ್ಣಗೆ ನಡುಗುತ್ತಿತ್ತು.

ಅಯ್ಯೋ ದೇವರೇ...

ಇವಳು ನನ್ನೊಡನೆ ನೀನು-ನಾನು ಆಗಬೇಕೆಂದು ಕೇಳುತ್ತಿದ್ದಾಳೆ!

ಆ ನಾಡಿನಲ್ಲಿ ನೀವು ಎನ್ನುವುದು ನೀನು ಆಗುವುದು ಹೀಗೆಯೇ. ಒಬ್ಬರು ಲೋಟ ಎತ್ತಿ ತಮ್ಮ ಹೆಸರು ಹೇಳುತ್ತಾರೆ. ಇನ್ನೊಬ್ಬರು ಲೋಟ ತಾಗಿಸಿ ತಮ್ಮ ಹೆಸರು ಹೇಳಬೇಕು. ಹೇಳದಿದ್ದರೆ ಒಲ್ಲೆ ಎಂದೇ ಅರ್ಥ, ಎರಡನೇ ಸಲ ಕೇಳುವುದು ಮರ್ಯಾದೆಯಲ್ಲ. ಮಕ್ಕಳಿಗೂ ತಿಳಿದಿರುವ ಪದ್ಧತಿ ಇದು. ಆಟ ಕೆಟ್ಟಿದೆ ಎಂದು ತೀರ್ಪು ಕೊಡುವ ಅವಸರದಲ್ಲಿ ಅವಳಿಗೆ ಅದು ಹೊಳೆದೇ ಇರಲಿಲ್ಲ.

ರದಾನಾ ಲೋಟ ಎತ್ತುವ ಗುಂಡಿ ಒತ್ತಿದಳು. ಪರದೆಯ ಮೇಲೆ ಖಾಲಿ ಗೆರೆಯೊಂದು ಮೂಡಿತು. ತನ್ನ ಹೆಸರು ಬರೆದಳು.

"ರದಾನಾ," ಎಂದಳು ಅಜ್ಜಿ, ನಕ್ಕು. "ಬಂದ್ಯಲ್ಲ ನೀನು. ನೀರಿಗೆ ಹೆದರಬೇಡ."

ನೀರು ಬಂತು. ಬಾಗಿಲ ಕೆಳಗಿನಿಂದ ಸದ್ದಿಲ್ಲದೆ ಬಂದು ಮೇಜನ್ನು, ಕಿಟಕಿಯನ್ನು, ಸೂರನ್ನು ಮುಚ್ಚಿತು. ಅವಳು ಮುಳುಗಲಿಲ್ಲ. ಇಡೀ ಹಳ್ಳಿ ಹಸಿರು ಬೆಳಕಿನಲ್ಲಿ ನಿಂತಿತ್ತು. ಪ್ಲಮ್ ಹೂಗಳು ಕೆಳಗೆ ಬೀಳುವ ಬದಲು ಮೇಲೆ, ಬಹು ಮೇಲೆ, ಬೆಳ್ಳಿಯಂತೆ ಹೊಳೆಯುತ್ತಿದ್ದ ನೀರಿನ ಮುಖದ ಕಡೆಗೆ ಏರುತ್ತಿದ್ದವು. ಗಂಟೆಗೋಪುರದ ಗಂಟೆ ನಿಧಾನವಾಗಿ ತೂಗಿತು. ಒಂದೊಂದೇ ಕಿಟಕಿ ತೆರೆದು ಊರಿನ ಜನ ಅವಳನ್ನು ಹೆಸರು ಹಿಡಿದು ಕರೆದರು. ರದಾನಾ, ನೀನಾ? ರದಾನಾ, ಬಂದ್ಯಾ?

ಅವಳು ಬಾಯಿ ಮುಚ್ಚಿಕೊಂಡು ಅತ್ತಳು. ಇಷ್ಟು ದೊಡ್ಡದನ್ನು ಆ ಸವೆದ ಸ್ವೆಟರಿನ ಮನುಷ್ಯ ಒಂದು ಪುಟ್ಟ ಲೋಟದ ಹಿಂದೆ ಇಟ್ಟು ಸುಮ್ಮನೆ ಕಾದಿದ್ದ.

ಆಗಲೇ ನೆನಪಾಯಿತು. ಜೇನುಹುಳುವಿನ ಸಂಜೆ. ಎತ್ತಿದ ಲೋಟ. ನಡುಗಿದ ದನಿ. ಹಿನೆಕ್...

'ಅವನು ಕೇಳಿದ್ದ. ನಾನು ಹೂವಿನ ಕಥೆ ಹೇಳುತ್ತಾ ಕುಳಿತಿದ್ದೆ!'

ಗುರುವಾರ ಅವಳು ಎದ್ದು ನಿಂತಾಗ ಹಿನೆಕ್ ಮತ್ತೆ ಹಿಂದಿನ ಬೆಂಚಿನಲ್ಲಿದ್ದ. ಪಕ್ಕದಲ್ಲಿ ಬ್ಲಾಜೆನಾ. ಅವನಿಗೆ ಬೇರೆಯವರು ಇದ್ದರೆ? ಇರಲಿ. ಕೇಳಿದವನಿಗೆ ಉತ್ತರವಾದರೂ ಸಿಗಲಿ.

"'ನೀರಿಗೆ ಮುನ್ನ' ಆಟವನ್ನ ಮತ್ತೆ ಆಡಿದೆ. ನನ್ನ ಅಭಿಪ್ರಾಯ ಹೇಳ್ತೀನಿ. ನಾನು ಆಡಿದ ಆಟಗಳಲ್ಲಿ ಇದರಷ್ಟು ದೊಡ್ಡದು ಇನ್ನೊಂದಿಲ್ಲ. ಒಂದು ಮುಳುಗಿದ ಊರು ನನ್ನನ್ನ ಹೆಸರು ಹಿಡಿದು ಕರೀತು. ಇನ್ನೂ ಮೈ ಜುಮ್ ಅಂತಿದೆ. ಆಟ ಮಾಡಿದವರಿಗೆ ಕಿವಿ ಇಲ್ಲ ಅಂದಿದ್ದೆ. ಇಲ್ಲದಿದ್ದದ್ದು ನನಗೆ."

ಹೆದ್ವಿಕಾ ಅತ್ತೆ ಏನೂ ಕೇಳದೆ ಎರಡು ಪುಟ್ಟ ಲೋಟಗಳಲ್ಲಿ ಪ್ಲಮ್ ಸಾರಾಯಿ ಸುರಿದು ಕೊಟ್ಟಳು. ರದಾನಾ ಹಿಂದಿನ ಬೆಂಚಿನವರೆಗೆ ನಡೆದು ಒಂದನ್ನು ಹಿನೆಕ್‌ನ ಮುಂದೆ ಇಟ್ಟಳು. ಇನ್ನೊಂದನ್ನು ಎತ್ತಿ ಹಿಡಿದಳು.

"ರದಾನಾ."

ಅವನು ಅವಳನ್ನೇ ನೋಡಿದ. ಕಣ್ಣು ತುಂಬಿತ್ತು, ಆದರೂ ತುಟಿಯಂಚಿನಲ್ಲಿ ನಗು ಇಣುಕಿತು.

"ಗೊತ್ತು ಕಣ್ರೀ. ನಿಮ್ಮ ಹೆಸರು ನಾನು ಮರೀತೀನಾ?"

"ದಮ್ಮಯ್ಯ ಅಂತೀನಿ, ಹಾಗನ್ನಬೇಡಿ. ನಾನು ನಿಮ್ಮನ್ನ ಪ್ರೀತಿಸ್ತೀನಿ, ನನ್ನ ಕೈ ನಡುಗ್ತಿದೆ, ಅಷ್ಟು ಹೊತ್ತು ಕಾಯೋದಕ್ಕೆ ನಾನು ಅಪೊಲೆನಾ ಅಲ್ಲ."

"ಎತ್ತೋ ಲೋಟಾನ, ಮಂಕೇ," ಎಂದು ಬ್ಲಾಜೆನಾ ಅವನ ಬೆನ್ನಿಗೊಂದು ಗುದ್ದಿ, ರದಾನಾಳ ಕಡೆ ತಿರುಗಿದಳು. "ಇವನ ಗೋಳು ಕೇಳಿ ಕೇಳಿ ನನ್ನ ಗಂಡನಿಗೂ ಸಾಕಾಗಿದೆ ಕಣ್ರೀ."

ಹಿನೆಕ್ ಲೋಟ ಎತ್ತಿ ತಾಗಿಸಿದ. ಆ ಸಣ್ಣ ಸದ್ದು ಇಡೀ ನೆಲಮಾಳಿಗೆಗೆ ಕೇಳಿಸಿತು.

"ಹಿನೆಕ್," ಎಂದ.

ಇಬ್ಬರೂ ಒಂದೇ ಗುಟುಕಿಗೆ ಕುಡಿದರು. ಲೋಟ ಬರಿದಾದ ಮೇಲೆ ಮುತ್ತು ಕೊಡುವುದೂ ಪದ್ಧತಿಯೇ. ಅದನ್ನು ಅವರು ಪದ್ಧತಿಗಿಂತ ಸ್ವಲ್ಪ ಹೆಚ್ಚು ಹೊತ್ತೇ ಪಾಲಿಸಿದರು.

"ಮುಂದಿನ ಗುರುವಾರ ಬರ್ತೀ..." ಅವಳು ಅಲ್ಲೇ ತಿದ್ದಿಕೊಂಡಳು. "ಬರ್ತೀಯಾ? ನೀನು?"

"ಇನ್ನೊಂದ್ಸಲ ಹೇಳು."

"ನೀನು."

"ಬರ್ತೀನಿ ಕಣೇ," ಎಂದ ಹಿನೆಕ್.